ಬಾಣಂತಿಯ ನೀರು

ನಿನ್ನೆಯವರೆಗೂ ಚೆನ್ನಾಗಿದ್ದ ಬಚ್ಚಲಿನ ಬಾಯ್ಲರ್ ಬೆಳಗಿನಿಂದ ಕೆಲಸ ಮಾಡುತ್ತಿರಲಿಲ್ಲ. ಅವನು ಫ್ಯೂಸ್ ಬದಲಿಸಿದ, ಸ್ವಿಚ್ಚು ಬಿಚ್ಚಿ ನೋಡಿದ, ಟೆಸ್ಟರ್ ಹಿಡಿದ. ಪ್ಲಗ್ಗಿನವರೆಗೂ ಕರೆಂಟು ಬರುತ್ತಿತ್ತು. ನೀರು ಮಾತ್ರ ತಣ್ಣಗಿತ್ತು.

ಮಗಳ ಬಾಣಂತನಕ್ಕೆಂದು ಬಂದಿದ್ದ ಅತ್ತೆ ಹರಳೆಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು.

“ಆಯ್ತಾ ಅಳಿಯಂದ್ರೇ? ಶೀತ ಹತ್ತಿ ಸನ್ನಿಯಾದ್ರೆ ಏನ್ ಮಾಡ್ತೀರಿ?”

ಅವನನ್ನು ಹೆತ್ತವಳು ಸತ್ತದ್ದು ಬಾಣಂತಿಸನ್ನಿಯಿಂದಲೇ.

“ಗ್ಯಾಸಿನ ಮೇಲೆ ಕಾಯಿಸಿದ್ರೆ?”

“ಒಂದು ಪಾತ್ರೆ ನೀರು ಯಾವ ಮೂಲೆಗೆ? ಹಂಡೆಗಟ್ಟಲೆ ಹೊಯ್ಯಬೇಕು. ಮೈ ಕೆಂಪಗಾದ್ರೇನೇ ನಂಜು ಇಳಿಯೋದು. ನಮ್ಮಮ್ಮ ನಂಗೂ ಹಾಗೇ ಹೊಯ್ದಿದ್ದು.”

ಮೈನ್ ಆಫ್ ಮಾಡಿ ಅವನು ಬಾಯ್ಲರಿನ ತಳದ ಮುಚ್ಚಳ ತೆಗೆದ. ಒಳಗಿನ ಒಂದು ವೈರು ಸುಟ್ಟಿರಲಿಲ್ಲ, ತುಂಡಾಗಿಯೂ ಇರಲಿಲ್ಲ. ಯಾರೋ ಸ್ಕ್ರೂ ಸಡಿಲಿಸಿ ಅದನ್ನು ಹೊರಗೆಳೆದು, ತುದಿಗೆ ಮಗುವಿನ ಲಂಗೋಟಿಯ ಚೂರೊಂದನ್ನು ಸುತ್ತಿದ್ದರು.

ಅವನು ತಿರುಗಿ ನೋಡಿದ. ಅತ್ತೆಯ ಹಿಂದೆ ನಿಂತಿದ್ದ ಹೆಂಡತಿ ಬೆನ್ನು ತಿರುಗಿಸಿ ಸೆರಗು ಸರಿಸಿದಳು. ಕತ್ತಿನಿಂದ ಕೆಳಕ್ಕೆ ಬೊಬ್ಬೆಗಳು ಒಡೆದು ಚರ್ಮ ಸುಲಿದಿತ್ತು.

ಅವನು ಮುಚ್ಚಳವನ್ನು ಹಾಗೇ ಹಾಕಿ ಸ್ಕ್ರೂ ಬಿಗಿದ.

“ಇದು ಪೂರ್ತಿ ಹೋಗಿದೆ ಅತ್ತೆ. ಇನ್ನು ರಿಪೇರಿ ಆಗಲ್ಲ.”