ಸ್ನೇಹ ಸಂಘದ ಆಣೆ

ಮಡಿವಾಳಪ್ಪ ಮೂರನೆಯ ಸಲ ಕದ ಬಡಿದ. ಈ ಸಲ ಅಂಗೈಯಿಂದಲ್ಲ, ಮುಷ್ಟಿಯಿಂದ.

ಕದ ತೆರೆದವರು ನೂರ್ ಅಹ್ಮದ್ ಸಾಹೇಬರು. ಶಿರಸಿಯಿಂದ ಯಲ್ಲಾಪುರಕ್ಕೆ ಓಡುವ ಬಸ್ಸಿನ ಮಾಲೀಕರು, ಊರಿನ ಸ್ನೇಹ ಸಂಘದ ಅಧ್ಯಕ್ಷರು. ಹೊಸ್ತಿಲು ಬಿಟ್ಟು ಸರಿಯಲಿಲ್ಲ. ಡಾಕ್ಟರು ಇಲ್ಲಿಲ್ಲ, ಎಲ್ಲಿದ್ದಾರೋ ತಮಗೆ ಗೊತ್ತಿಲ್ಲ ಎಂದು ಆಗಲೇ ಎರಡು ಸಲ ಹೇಳಿದ್ದನ್ನೇ ಮತ್ತೆ ಹೇಳಿದರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಮಾತು ಮುಗಿಯುವಷ್ಟರಲ್ಲಿ ಬೆವರಿದ್ದರು.

“ಸಾಹೇಬ್ರ, ಆಕಿ ಸಾಯಾಕತ್ತಾಳ್ರಿ,” ಎಂದ ಮಡಿವಾಳಪ್ಪ.

ಆಕೆ ಎಂದರೆ ಅವನ ಹೆಂಡತಿ ನೀಲವ್ವ. ಮಧ್ಯಾಹ್ನ ಹೆರಿಗೆ ನೋವು ಶುರುವಾಗಿತ್ತು. ಮಗು ಅಡ್ಡ ತಿರುಗಿದೆ, ತನ್ನಿಂದ ಆಗದು ಎಂದು ಸೂಲಗಿತ್ತಿ ಚೌಡಮ್ಮ ಕೈಚೆಲ್ಲಿದ್ದಳು. ದವಾಖಾನೆಯ ಡಾಕ್ಟರು ಬಂದು ನೋಡಿ, ಇದಕ್ಕೆ ಕೆಲರ್ ಸಾಹೇಬರೇ ಆಗಬೇಕು ಎಂದು ತಲೆ ತಗ್ಗಿಸಿದ್ದರು. ಹಿಂದಿನ ಇಬ್ಬರು ಮಕ್ಕಳನ್ನು ಮಣ್ಣಿಗಿಟ್ಟಾಗಿತ್ತು. ಈ ಸಲ ತಾಯಿಯೂ ಉಳಿಯುವಂತಿರಲಿಲ್ಲ.

ಮಡಿವಾಳಪ್ಪ ಹುಡುಕುತ್ತಿದ್ದ ಡಾಕ್ಟರು ಈ ಕೆಲರ್, ಜರ್ಮನಿಯವರು. ಅಲ್ಲಿಯ ಸರಕಾರಕ್ಕೆ ಬೇಡವಾಗಿ ದೇಶ ಬಿಟ್ಟ ಅವರನ್ನು ಮುಂಬಯಿಯ ನಿರಾಶ್ರಿತರ ಸಂಘದ ಮೂಲಕ ಶಿರಸಿಗೆ ಕರೆಸಿಕೊಂಡು ಸದಸ್ಯರನ್ನಾಗಿ ಮಾಡಿಕೊಂಡವರು ಸ್ನೇಹ ಸಂಘದವರೇ. ವಾರಕ್ಕೊಮ್ಮೆ ಸೇರಿ, ಚಹಾ ಕುಡಿದು, ಲೋಕಕ್ಕೆಲ್ಲ ಶಾಂತಿ ಬಯಸಿ ಮನೆಗೆ ಹೋಗುವ ಸಂಘ ಅದು. ಮೊದಲು ಊರಿನ ಗಟಾರ ನೋಡಿಕೊಳ್ಳಲಿ ಎಂದು ಜನ ನಗುತ್ತಿದ್ದರು. ಸಭೆ ಮುಗಿಯುವಾಗ ಎಲ್ಲರೂ ಎದ್ದು ನಿಂತು, ಪಕ್ಕದವನ ಕೈ ಹಿಡಿದು ಆಣೆ ಮಾಡುವುದು ಪದ್ಧತಿ: ಯಾವ ದೇಶದವನಾದರೂ ಸರಿ, ಸದಸ್ಯನನ್ನು ಕೈಬಿಡುವುದಿಲ್ಲ. ಚಹಾದ ಜೊತೆಗೆ ಆಡಿದ ಮಾತು. ನಡೆಸಿಕೊಡಬೇಕಾಗಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಆ ವಾರ ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧ ಸಾರಿತು. ಜರ್ಮನರನ್ನೆಲ್ಲ ಹಿಡಿದು ಕಳಿಸಿರೆಂದು ಕಾರವಾರದಿಂದ ತಾರು ಬಂತು. ಆ ಸುದ್ದಿಯನ್ನು ಗುಟ್ಟಾಗಿ ಸಂಘಕ್ಕೆ ಮುಟ್ಟಿಸಿದವರು ಸದಸ್ಯರಾಗಿದ್ದ ಇಂಗ್ಲಿಷ್ ಅರಣ್ಯಾಧಿಕಾರಿ. ಬೆಳಗಾಗುವಷ್ಟರಲ್ಲಿ ಡಾಕ್ಟರ ಮನೆಗೆ ಬೀಗ ಬಿದ್ದಿತ್ತು.

ಮಡಿವಾಳಪ್ಪ ಬೆಳಿಗ್ಗೆಯೇ ಒಮ್ಮೆ ಹೋಗಿ ಆ ಬೀಗ ನೋಡಿ ಬಂದಿದ್ದ. ಆಗ ಇಷ್ಟು ಗಾಬರಿಯಿರಲಿಲ್ಲ. ಮಧ್ಯಾಹ್ನದ ಮೇಲೆ ಹುಚ್ಚನಂತಾದ. ಬಟ್ಟೆ ಬದಲಿಸಿ, ಧೋತರ ಉಟ್ಟು, ಬರಿತಲೆಯಲ್ಲಿ ಬೀದಿಗಿಳಿದು ಸಂಘದವರ ಮನೆಗಳನ್ನೆಲ್ಲ ಸುತ್ತಿದ. ಚಹಾದಂಗಡಿಯ ಮುಂದೆ ನಿಂತರೆ ಅಲ್ಲಿದ್ದವರ ಮಾತು ನಿಂತಿತು. ವಕೀಲ ನಾಗಪತಿ ಕದವನ್ನೇ ತೆರೆಯಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ. ವೈರಿ ದೇಶದವನನ್ನು ಬಚ್ಚಿಟ್ಟವರಿಗೆ ಜೈಲು ಎಂದು ಬೆಳಿಗ್ಗೆಯೇ ಡಂಗುರ ಹೊಡೆಸಿಯಾಗಿತ್ತು. ಧಾರವಾಡದ ಕಡೆಯಿಂದ ಬಂದು ವರ್ಷ ತುಂಬದವನಿಗೆ ಊರಿನಲ್ಲಿ ಕೈಹಿಡಿಯುವ ನೆಂಟರೂ ಇರಲಿಲ್ಲ.

“ಡಾಕ್ಟ್ರು ಇಲ್ಲಿ ಅದಾರಂತ ನಾ ಯಾರ ಮುಂದೂ ಹೇಳಾಂಗಿಲ್ರಿ,” ಎಂದ.

“ನೀವು ಇನ್ಯಾರ ಮುಂದೆ ಹೇಳ್ಬೇಕು,” ಎಂದರು ನೂರ್ ಅಹ್ಮದ್.

ಮಡಿವಾಳಪ್ಪ ಕುಸಿದು ಅವರ ಕಾಲು ಹಿಡಿದ. ಅಷ್ಟು ದೊಡ್ಡ ಆಳು ಹಾಗೆ ಬಿದ್ದದ್ದನ್ನು ಕಂಡು, ಅಂಗಳದಲ್ಲಿದ್ದ ಡ್ರೈವರ್ ಕರೀಂ ಮುಖ ತಿರುಗಿಸಿದ. ಸಾಹೇಬರ ಕಣ್ಣು ತುಂಬಿತು. ಆದರೆ ಕೊಟ್ಟ ಮಾತು ಅಡ್ಡ ಬಂತು. ಈ ಅಳು ನಾಟಕವಾಗಿದ್ದರೆ ಎಂಬ ಅನುಮಾನವೂ ಇತ್ತು.

ಆಗ ಒಳಗಿನ ಪರದೆಯ ಹಿಂದಿನಿಂದ ಅವರ ಹೆಂಡತಿ ಖುರ್ಷಿದಾ ಮಾತಾಡಿದರು. ಪರಗಂಡಸರಿಗೆ ಕೇಳುವಂತೆ ಆಕೆ ದನಿಯೆತ್ತಿದ್ದು ಅದೇ ಮೊದಲು.

“ಆಣೆ ಮಾಡಿದ್ದು ನೀವು ಗಂಡಸ್ರು. ನಿಮ್ಮ ಸಂಘಕ್ಕೆ ನನ್ನ ಸೇರಿಸ್ಕೊಂಡಿಲ್ಲ, ನಾನು ಆಣೆ ಮಾಡಿಲ್ಲ. ಡಾಕ್ಟ್ರು ಇಲ್ಲೇ ಇದ್ದಾರೆ.”

ಪರದೆ ಸರಿಯಿತು. ಹತ್ತಿರದ ನೆಂಟ ಗಂಡಸರೂ ಕಾಲಿಡದ, ಪೊಲೀಸರೂ ಹುಡುಕಲು ಹಿಂಜರಿಯುವ ಹೆಂಗಸರ ಕೋಣೆಯಿಂದ ಕೆಲರ್ ಹೊರಬಂದರು. ಕೈಯಲ್ಲಿ ಚೀಲವಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕರೀಂನ ಬಸ್ಸಿನಲ್ಲಿ ಯಲ್ಲಾಪುರ ದಾಟಿ ಗೋವೆಯ ದಾರಿ ಹಿಡಿಯಬೇಕಾಗಿದ್ದವರು ಅವರು. ಪೋರ್ತುಗೀಜರ ನೆಲದಲ್ಲಿ ಇಂಗ್ಲಿಷರ ಹುಕುಂ ನಡೆಯುವುದಿಲ್ಲ.

ನೂರ್ ಅಹ್ಮದ್ ಅಡ್ಡ ನಿಂತರು. ಆ ಮನೆಗೆ ಹೋದರೆ ತಿರುಗಿ ಬರುವುದಿಲ್ಲ ಎಂದರು. ಕೆಲರ್ ಮಡಿವಾಳಪ್ಪನನ್ನು ಒಂದು ಗಳಿಗೆ ದಿಟ್ಟಿಸಿದರು. ಪರಿಚಯದ ಮುಖವೇ, ನೀಲವ್ವನನ್ನು ಮೊದಲಿನಿಂದ ನೋಡಿಕೊಂಡವರು ಅವರೇ.

“ಅವಳು ನನ್ನ ರೋಗಿ,” ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿ ಬಸ್ಸು ಹತ್ತಿದರು.

ಕರೀಂ ಬಸ್ಸನ್ನು ಆ ಸರಕಾರಿ ಮನೆಯ ತನಕ ಒಯ್ಯಲಿಲ್ಲ. ಬೀದಿಯ ತುದಿಯಲ್ಲೇ ನಿಲ್ಲಿಸಿ, ಇಂಜಿನ್ ಆರಿಸದೆ ಕಾದ. ಒಳಗೆ ನೀಲವ್ವನ ಕೂಗು ಏರಿತು, ಇಳಿಯಿತು, ಆಮೇಲೆ ಕೇಳಿಸಲೇ ಇಲ್ಲ. ಮಡಿವಾಳಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಬೇಕಾದರೆ ತನ್ನ ಪ್ರಾಣ ತೆಗೆದುಕೊಳ್ಳಲಿ ಎಂದು ನೆನಪಿಗೆ ಬಂದ ದೇವರನ್ನೆಲ್ಲ ಬೇಡಿದ. ಡಾಕ್ಟರು ಸಿಗದೆ ಹೋಗಿದ್ದರೆ ಎಂದು ನೆನೆದು ನಡುಗಿದ. ಸಿಕ್ಕರಲ್ಲ ಎಂದು ನೆನೆದೂ ನಡುಗಿದ.

ಮಗು ಅತ್ತಿತು.

ಕೆಲರ್ ಹೊರಬಂದು, ಹೆಣ್ಣು ಮಗು, ತಾಯಿ ಬದುಕುತ್ತಾಳೆ ಎಂದರು. ಮಡಿವಾಳಪ್ಪ ಅಳುತ್ತಲೇ ಬೀದಿಯ ತುದಿಯ ಬಸ್ಸಿನ ಕಡೆ ಕೈ ತೋರಿಸಿ, ಬೇಗ ಹೋಗಿಬಿಡಿ ಎಂದು ಅಂಗಲಾಚಿದ. ತಾನು ಅತ್ತ ತಿರುಗಿಯೂ ನೋಡುವುದಿಲ್ಲ ಎಂದ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ಅವರು ಈ ಮನೆಗೆ ಬಂದದ್ದನ್ನು ಬೀದಿಯೇ ನೋಡಿತ್ತು.

“ನಾನು ಓಡಿದರೆ ಈ ಮಗುವಿನ ತಂದೆಗೆ ಜೈಲು,” ಎಂದು ಎರಡೂ ಕೈಗಳನ್ನು ಮುಂದೆ ಚಾಚಿದರು. “ನಿಮ್ಮ ಬೇಡಿ ತನ್ನಿ, ಫೌಜದಾರ ಸಾಹೇಬರೇ.”