ಮೊದಲ ಸೂಜಿ

ಫಿನೈಲ್ ವಾಸನೆ ಬಂದರೆ ಇಂದಿಗೂ ನಾನು ಉಸಿರು ಬಿಗಿಹಿಡಿಯುತ್ತೇನೆ.

ಖಾನಾಪುರದಲ್ಲಿ ಮನೆಮನೆಗೂ ಇಲಿ ಸತ್ತು ಬಿದ್ದ ವರ್ಷ ನಾವೆಲ್ಲ ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿದ್ದೆವು. ಪ್ಲೇಗಿನ ಚುಚ್ಚುಮದ್ದು ಹಾಕಲು ಬೆಳಗಾವಿಯಿಂದ ಬಂದವರು ಒಬ್ಬರೇ ಡಾಕ್ಟರು. ಆ ಮಧ್ಯಾಹ್ನ ಅವರು ನಮ್ಮ ಗುಡಿಸಲಲ್ಲಿ, ಅಜ್ಜನ ಎದುರಿಗೆ, ನಿಂತಲ್ಲೇ ತೂಕಡಿಸುತ್ತ ಸಿರಿಂಜು ತುಂಬಿ ಅಣ್ಣನ ತೋಳು ಹಿಡಿದರು.

"ಡಾಕ್ಟರ, ಫಿನೈಲ್ ವಾಸನಿ ಬರತೈತಲ್ರೀ!" ಅವ್ವ ಅಣ್ಣನನ್ನು ಎಳೆದುಕೊಂಡಳು.

ಡಾಕ್ಟರು ಬಾಟಲಿ ನೋಡಿ ಅಲ್ಲೇ ಕುಸಿದು ಕುಳಿತರು. "ಸೂಜಿ ತೊಳಿಯೂ ಬಾಟ್ಲಿ ಇದು. ನಿದ್ದಿ ಇಲ್ಲದ ಒಂದ್ ವಾರ ಆತ್ರಿ, ಅಜ್ಜಾರ. ಒಂದ್ ತಾಸರೆ ಮಲಗತೇನಿ. ಕೈ ನನ್ನ ಮಾತು ಕೇಳವಲ್ದು."

"ಮಲಗತಾರಂತ! ಹೊರಗ ಊರಿಗೂರ ನಿಂತೈತಿ. ಸರಕಾರ ಪಗಾರ ಮಲಗಾಕ ಕೊಡತೈತೇನು?" ಅಜ್ಜ ಗದರಿದ. ಬಾಗಿಲಲ್ಲಿದ್ದವರು ನಕ್ಕರು.

ಡಾಕ್ಟರು ಎದ್ದು ಸೂಜಿ ಕುದಿಸಿದರು. ಬೇರೆ ಬಾಟಲಿಯಿಂದ ಮದ್ದು ತುಂಬಿ ಅಣ್ಣನ ಕಡೆ ತಿರುಗಿದರು. ಕಣ್ಣು ಇನ್ನೂ ಮುಚ್ಚಿಕೊಳ್ಳುತ್ತಿದ್ದವು. ಅಜ್ಜ ಅಡ್ಡ ಬಂದು ನನ್ನನ್ನು ಮುಂದಕ್ಕೆಳೆದ.

"ಮದಲ ಈ ಹುಡುಗೀಗೆ ಚುಚ್ಚರಿ. ನೋಡೂಣು."

ಡಾಕ್ಟರು ಅವ್ವನ ಮುಖ ನೋಡಿದರು. ಅವ್ವ ಅಣ್ಣನನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.