ಹಿಂದಕ್ಕೆ ಬಂದ ಬಸ್ಸು

ಸಾರಿಗೆ ಯೋಜನಾ ಪ್ರಾಧಿಕಾರದ ಅಧ್ಯಕ್ಷನಿಗೆ ಹಾರುವ ಬಸ್ಸಿನ ಹುಚ್ಚು ಹಿಡಿದು, ನೆಲದ ಮಾರ್ಗಗಳೆಲ್ಲ ರದ್ದಾಗಿದ್ದವು. ಹಾರುವ ಬಸ್ಸು ನೀಲಗಂಗವ್ವನ ಊರಲ್ಲಿ ಇಳಿಯುವುದಿಲ್ಲ. ಆದರೂ ನಿವೃತ್ತಿಯಾದ ಹಳೇ ಬಸ್ಸೊಂದು ಡ್ರೈವರ್, ಕಂಡಕ್ಟರ್ ಯಾರೂ ಇಲ್ಲದೆ ದಿನಾ ಬೆಳಿಗ್ಗೆ ತಾನಾಗಿಯೇ ಬರುತ್ತದೆ. ಯಾರಾದರೂ ‘ರೈಟ್’ ಅಂದರೆ ಹೊರಡುತ್ತದೆ.

ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ನೀಲಗಂಗವ್ವ ಚೀಲ ಹಿಡಿದು ಮೊದಲು ಹತ್ತಿದಳು.

“ಆ ಅಧ್ಯಕ್ಷ ಮಾಡಿದ್ದು ರೈಟ್ ಏನ್ರಿ?” ಎಂದು ಕೆಳಗಿದ್ದ ಗಂಡನತ್ತ ತಿರುಗಿ ಸಿಡುಕಿದಳು.

ಬಸ್ಸು ಹೊರಟೇಬಿಟ್ಟಿತು. ಗಂಡ ಕೆಳಗೇ ಉಳಿದ.

“ಹೋಲ್ಡಾನ್! ನಮ್ಮನಿಯವರು ಅಲ್ಲೇ ಉಳದಾರ!”

ಬಸ್ಸು ನಿಂತಿತು. ಮೆಲ್ಲಗೆ ಹಿಂದಕ್ಕೆ ಬಂದು, ಅವನ ಕಾಲ ಬಳಿ ಮೆಟ್ಟಿಲು ತಗ್ಗಿಸಿತು.

ನೀಲಗಂಗವ್ವ ಕಂಬಿ ಸವರಿದಳು. “ನೀನ ಅಧ್ಯಕ್ಷ ಆಗಬೇಕಿತ್ತು ನನ್ನಪ್ಪ. ಉಳದವರಿಗಂತ ಹಿಂದಕ್ಕ ಬರತಿ.”

ಗಂಡ ಕೂತ ಮೇಲೆ ಮೆತ್ತಗೆ ಅಂದಳು, “ಈಗ ರೈಟ್.”